ಗೋಲ್‌ಕೀಪರ್ ಬೇಕಾಗಿದ್ದ ವರ್ಷ

ಗ್ಯುಮ್ರಿ, ಅರ್ಮೇನಿಯ
ಏಪ್ರಿಲ್ 1993

ಆರ್ಶಾವೀರ್ ಅವರಿಗೆ,

ಹೊಸ ವರ್ಷಕ್ಕೆ ನೀನು ಬರೆದ ಕಾಗದಕ್ಕೆ ಇನ್ನೂ ಉತ್ತರ ಬರೆದಿಲ್ಲವೆಂದು ನನಗೆ ನೆನಪಿದೆ. ಮರೆತದ್ದಲ್ಲ, ಮನಸ್ಸಿರಲಿಲ್ಲ. ಈಗಲೂ ನೂನೆಯ ಕಾಟ ತಾಳಲಾರದೆ ಕೂತಿದ್ದೇನೆ. "ಅಪ್ಪಂಗೆ ನೀನು ಬರೀದಿದ್ರೆ ನಾನೇ ಬರೀತೀನಿ, ನೀನು ಏನೇನು ಬೈದ್ಕೊಂಡೆ ಅಂತಾನೂ ಸೇರಿಸ್ತೀನಿ" ಎಂದು ಹೆದರಿಸಿದಳು. ನಿನ್ನ ಮಗಳಿಗೆ ಹದಿಮೂರು ತುಂಬಿತು. ಮಾತು ನಿನ್ನಮ್ಮನದು, ಹಟ ನಿನ್ನದು. ನನ್ನಿಂದ ಅವಳಿಗೆ ಬಂದದ್ದು ನೆಗಡಿ ಒಂದೇ.

ಎರಡು ತಿಂಗಳಲ್ಲಿ ಮನೆ ನೋಡಿ ಕರೆಸಿಕೊಳ್ಳುತ್ತೇನೆಂದು ಹೋದವನು ನೀನು. ಮೂರು ವರ್ಷವಾಯಿತು. ಬರುವುದಿಲ್ಲವೆಂದವಳು ನಾನು. ಆ ಜಗಳವನ್ನು ಈ ಕಾಗದದಲ್ಲಿ ಮುಂದುವರಿಸುವುದಿಲ್ಲ, ಕಾಗದವೂ ಸಿಗುತ್ತಿಲ್ಲ. ಬೇರೆ ಸುದ್ದಿ ಇದೆ. ನೀನು ಹತ್ತು ವರ್ಷ ಗೋಲು ಕಾದ ಮಾಕೋಕ್ ತಂಡ ಈ ಸಲ ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಆಡುತ್ತಿದೆ. ಮಾಸ್ಕೋದವರ ಕಾಲದಲ್ಲಿ ಕೆಳಗಿನ ದರ್ಜೆಯಲ್ಲೇ ಕೊಳೆಯುತ್ತಿದ್ದ ನಮ್ಮ ಬಟ್ಟೆ ಗಿರಣಿಯ ಹುಡುಗರು ಈಗ ರಾಜಧಾನಿ ಯೆರೆವಾನಿನ ದೊಡ್ಡ ತಂಡಗಳ ಎದುರು. ದೇಶ ನಮ್ಮದಾಯಿತಲ್ಲ, ಲೀಗೂ ನಮ್ಮದಾಯಿತು. ಕರೆಂಟು, ಬ್ರೆಡ್ಡು, ಪೆಟ್ರೋಲು ಮಾತ್ರ ಯಾರದೂ ಆಗಿಲ್ಲ.

ನಗಬೇಡ, ತಂಡದ ಡಾಕ್ಟರು ನಾನು. ಇದ್ದ ಡಾಕ್ಟರು ರಷ್ಯಾಕ್ಕೆ ಹೋದರು. ಕೋಚ್ ಮಾತೆವೋಸಣ್ಣ ಆಸ್ಪತ್ರೆಗೆ ಬಂದು, "ತಂಗೀ, ನರ್ಸಾದ್ರೂ ಪರವಾಗಿಲ್ಲ, ಕಾಲು ಯಾವ್ದು ಕೈ ಯಾವ್ದು ಗೊತ್ತಿದ್ರೆ ಸಾಕು" ಎಂದ. ಯೆರೆವಾನಿನ ಮೊದಲ ಪಂದ್ಯದಲ್ಲಿ ನಾನು ಬೆಂಚಿನ ಮೇಲೆ ಕೂತದ್ದೇ ತಡ, ಹಿಂದಿನಿಂದ ಒಬ್ಬ ಕೂಗಿದ: "ಏ, ಗ್ಯುಮ್ರಿಯವ್ರು ಅಮ್ಮನ್ನೂ ಕರ್ಕೊಂಡ್ ಬಂದಿದಾರೆ ನೋಡ್ರೋ!" ನಾನು ತಿರುಗಿ, "ಹೂಂ ಕಣಪ್ಪಾ, ನಿನ್ನಮ್ಮನ್ನೂ ಕರೆಸ್ಕೋ, ಸೋತ್ಮೇಲೆ ಅಳೋಕೆ ಮಡಿಲು ಬೇಕಾಗತ್ತೆ" ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ಆಮೇಲೆ ನಾವು ನಾಲ್ಕು ಸೊನ್ನೆಯಲ್ಲಿ ಸೋತೆವು. ಮಡಿಲು ಬೇಕಾದದ್ದು ನಮಗೇ.

ಈಗ ಗೋಲಿನಲ್ಲಿ ನಿಲ್ಲುವವನು ತೋರ್ಗೊಮ್, ಬೇಕರಿಯವರ ಮಗ. ಉದ್ದಕ್ಕೆ ದೀಪದ ಕಂಬದ ಹಾಗಿದ್ದಾನೆ. ಉರಿಯುವುದೂ ನಮ್ಮೂರ ದೀಪದ ಕಂಬದಷ್ಟೇ. ಆದರೂ ಕಲಿಯುತ್ತಾನೆ. ಗಿರಣಿಯ ಹಿಂದಿನ ಮೈದಾನವನ್ನು ಮತ್ತೆ ತೆರೆದಿದ್ದಾರೆ, ಹುಲ್ಲು ಬಿತ್ತಿದ್ದಾರೆ. ನಮ್ಮ ಊರಿನ ಪಂದ್ಯಗಳೆಲ್ಲ ಅಲ್ಲೇ.

ನೂನೆ ಆರೋಗ್ಯವಾಗಿದ್ದಾಳೆ. ಭೂಕಂಪವಾದ ಮೇಲೆ ಕೊಟ್ಟ ತಗಡಿನ ಮನೆ ಈ ಚಳಿಗಾಲವನ್ನೂ ತಡೆಯಿತು.

ವರ್ಸೆನಿಕ್

ಮರೆತಿದ್ದೆ: ನಿನ್ನ ಹಳೆಯ ಕೈಗವಸು ತೋರ್ಗೊಮ್‌ಗೆ ಕೊಟ್ಟೆ. ಕೇಳದೆ ಕೊಟ್ಟೆ.


ಕ್ರಾಸ್ನೊದಾರ್, ರಷ್ಯಾ
ಜೂನ್ 1993

ವರ್ಸೆನಿಕ್‌ಗೆ,

ಕಾಗದ ತಲುಪಿತು. ತಂದುಕೊಟ್ಟವನು ದಾರಿಯಲ್ಲಿ ಅದನ್ನು ಓದಿದ್ದಾನೆಂದು ಕಾಣುತ್ತದೆ, ಕೊಡುವಾಗ "ಡಾಕ್ಟರಮ್ಮ ಹುಷಾರಾಗಿದಾರಂತೆ" ಎಂದ.

ನಾನು ಇಟ್ಟಿಗೆ ಕಾರ್ಖಾನೆಯಲ್ಲೇ ಇದ್ದೇನೆ. ಅಣ್ಣನ ಮನೆಯ ಹಿಂದೆ ಎರಡು ಕೋಣೆ ಹಾಕಿದ್ದೇವೆ. ಕಿಟಕಿಗೆ ನೀಲಿ ಬಣ್ಣ ಹೊಡೆದಿದ್ದೇನೆ. ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು.

ಫುಟ್‌ಬಾಲ್ ನನಗೆ ಮುಗಿದ ವಿಷಯ. ಆದರೂ ಕೇಳುತ್ತೇನೆ: ಆ ತೋರ್ಗೊಮ್ ಎತ್ತರದ ಚೆಂಡಿಗೆ ಮುಷ್ಟಿ ಹಾಕುತ್ತಾನೋ, ಹಿಡಿಯಲು ಹೋಗುತ್ತಾನೋ? ಒದ್ದೆ ನೆಲದಲ್ಲಿ ಹಿಡಿಯಲು ಹೋಗಬಾರದೆಂದು ಹೇಳು. ಕಾರ್ನರ್ ಬಂದಾಗ ದೂರದ ಕಂಬದ ಹತ್ತಿರ ಯಾರನ್ನು ನಿಲ್ಲಿಸುತ್ತಾರೆ? ಸುರೆನ್ ಇನ್ನೂ ಆಡುತ್ತಿದ್ದಾನಾ, ಅವನೇ ನಾಯಕನಾ? ಅವನ ಬಲಗಾಲಿನ ಹಿಮ್ಮಡಿ ಯಾವಾಗಲೂ ತೊಂದರೆ, ಪಂದ್ಯಕ್ಕೆ ಮೊದಲು ಬಿಸಿನೀರಿನಲ್ಲಿ ಇಡಿಸು. ಬಿಸಿನೀರು ಇದ್ದರೆ. ಮಾತೆವೋಸ್ ಈಗಲೂ ಅರ್ಧ ಸಮಯದಲ್ಲಿ ಟೋಪಿ ನೆಲಕ್ಕೆ ಎಸೆಯುತ್ತಾನಾ?

ಕೈಗವಸು ಕೊಟ್ಟದ್ದು ಒಳ್ಳೆಯದಾಯಿತು. ಒಣಗಿಸುವಾಗ ಒಲೆಯ ಹತ್ತಿರ ಇಡಬಾರದೆಂದು ಹೇಳು.

ನೂನೆಗೆ ಬೂಟು ಕಳಿಸಿದ್ದೇನೆ. ಅಳತೆ ಅಂದಾಜಿನದು.

ಆರ್ಶಾವೀರ್

ಮತ್ತೆ: ಪಂದ್ಯಗಳ ಫಲಿತಾಂಶ ಇಲ್ಲಿಯ ಪತ್ರಿಕೆಯಲ್ಲಿ ಬರುವುದಿಲ್ಲ. ಸಮಯವಿದ್ದರೆ ಬರೆ.


ಗ್ಯುಮ್ರಿ
ಸೆಪ್ಟೆಂಬರ್ 1993

ಆರ್ಶಾವೀರ್,

ಬೂಟು ದೊಡ್ಡದಾಯಿತು. ಮುಂದಿನ ವರ್ಷಕ್ಕೆ ಸರಿಯಾಗುತ್ತದೆಂದು ನೂನೆ ಕಾಲುಚೀಲ ತುಂಬಿ ಹಾಕಿಕೊಂಡು ಓಡಾಡುತ್ತಿದ್ದಾಳೆ. ಯಾರಿಗೂ ಬಿಚ್ಚಲು ಬಿಡುವುದಿಲ್ಲ.

ನಿನಗೆ ಮುಗಿದ ವಿಷಯದ ಬಗ್ಗೆ ಬರೆಯುತ್ತೇನೆ. ಬೇಸಿಗೆ ಚೆನ್ನಾಗಿತ್ತು. ಜುಲೈನಲ್ಲಿ ವಾನಾದ್ಜೋರಿಗೆ ಹೋಗುವಾಗ ಘಾಟಿಯಲ್ಲಿ ನಮ್ಮ ಬಸ್ಸಿನ ಡೀಸೆಲ್ ಮುಗಿಯಿತು. ಹುಡುಗರೆಲ್ಲ ಇಳಿದು ತಳ್ಳಿದರು, ಇಳಿಜಾರು ಬಂದಾಗ ಹತ್ತಿದರು, ಮತ್ತೆ ಇಳಿದು ತಳ್ಳಿದರು. ಮೈದಾನ ಮುಟ್ಟುವ ಹೊತ್ತಿಗೆ ಅವರ ಕೋಚ್ ಕೈಗಡಿಯಾರ ನೋಡುತ್ತ, "ಬಂದ್ರಾ? ನಾವು ಗೆದ್ವಿ ಅಂತ ಆಗ್ಲೇ ಮನೆಗೆ ಹೇಳಿ ಕಳಿಸಿದ್ದೆ" ಎಂದ. ನಮ್ಮ ಸುರೆನ್, "ಹಾಗಾದ್ರೆ ಇನ್ನೊಬ್ರನ್ನ ಕಳ್ಸಿ ಮಾರಾಯ್ರೇ, ಸುದ್ದಿ ತಿದ್ದೋಕೆ" ಎಂದ. ಒಂದು ಗೋಲಿನಿಂದ ಗೆದ್ದೆವು. ಬರುವಾಗ ಯಾರಿಗೂ ಬಸ್ಸು ತಳ್ಳುವುದು ಭಾರವೆನಿಸಲಿಲ್ಲ.

ಮೈದಾನದ ದೀಪಕ್ಕೆ ಕರೆಂಟಿಲ್ಲ, ಪಂದ್ಯವೆಲ್ಲ ನಡು ಮಧ್ಯಾಹ್ನಕ್ಕೇ ಶುರು. ಕೆಲಸವಿಲ್ಲದ ಊರು, ಹಾಗಾಗಿ ಎಲ್ಲರೂ ಬರುತ್ತಾರೆ. ಮನೆಯಲ್ಲಿ ಕೂತರೆ ಬೇಸರ, ಇಲ್ಲಿ ಕೂತರೆ ಕನಿಷ್ಠ ಬೈಯಲು ಯಾರಾದರೂ ಸಿಗುತ್ತಾರೆ. ನಮ್ಮವರಿಗೆ ಗೊತ್ತಲ್ಲ. ಹೊರಗಿನ ತಂಡದವನು ಬಿದ್ದು ಹೊರಳಾಡಿದರೆ, "ಏಳೋ, ನಮ್ಮೂರಲ್ಲಿ ಬಿದ್ದ ಮನೆಗಳೇ ಇಷ್ಟು ಕೂಗಾಡ್ಲಿಲ್ಲ" ಎನ್ನುತ್ತಾರೆ. ಮೊದಲ ಸಲ ಕೇಳಿದಾಗ ನಗಲು ಆಗಲಿಲ್ಲ. ಆಮೇಲೆ ನಾನೂ ನಕ್ಕೆ.

ಈಗ ಕೆಟ್ಟ ಸುದ್ದಿ. ಪಾರ್ಕಿನ ಪಾಪ್ಲರ್ ಮರಗಳನ್ನೆಲ್ಲ ಜನ ಸೌದೆಗೆ ಕಡಿಯುತ್ತಿದ್ದಾರೆ. ತೋರ್ಗೊಮ್ ಅಜ್ಜಿಗೆಂದು ಒಂದು ಕೊಂಬೆ ಕಡಿಯಲು ಹತ್ತಿ, ಕೂತ ಕೊಂಬೆಯನ್ನೇ ಕಡಿದ. ಮಣಿಕಟ್ಟು ಎರಡು ಕಡೆ ಮುರಿಯಿತು. ನಾನೇ ಪಟ್ಟಿ ಹಾಕಿದೆ. ಎರಡನೆಯ ಗೋಲ್‌ಕೀಪರ್ ಆಗಸ್ಟಿನಲ್ಲೇ ಗಡಿಗೆ, ಯುದ್ಧಕ್ಕೆ ಹೋದ. ಕಳೆದ ವಾರ ಸುರೆನ್‌ನನ್ನೇ ಗೋಲಿನಲ್ಲಿ ನಿಲ್ಲಿಸಿದರು. ಆರು ತಿಂದೆವು. ಕೊನೆಯ ಗೋಲಿಗೆ ಅವನು ಬೇಡವೇ ಬೇಡವೆಂದು ಬೆನ್ನು ತಿರುಗಿಸಿ ನಿಂತಿದ್ದ.

ಪಟ್ಟಿಯಲ್ಲಿ ಕೆಳಗೆ ಜಾರಿದ್ದೇವೆ. ಹೀಗೇ ಹೋದರೆ ಮೊದಲ ದರ್ಜೆಯಿಂದ ಹೊರಗೆ. ಕೆಳಗೆ ಬಿದ್ದರೆ ಗಿರಣಿ ತಂಡವನ್ನೇ ಮುಚ್ಚುತ್ತದಂತೆ. ಮಗ್ಗಗಳೇ ನಿಂತಿರುವಾಗ ಎರಡನೆಯ ದರ್ಜೆಯ ತಂಡಕ್ಕೆ ಡೀಸೆಲ್ ಯಾರು ಕೊಡುತ್ತಾರೆ?

ನಿನ್ನೆ ಮಾತೆವೋಸಣ್ಣ ಮನೆಗೆ ಬಂದ. ಟೋಪಿ ತಿರುಗಿಸುತ್ತ ಕೂತ. "ವರ್ಸೆನಿಕ್ ತಂಗೀ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಕೇಳಣ್ಣ."

"ನಿನ್ನ ಗಂಡ ತುಂಬಾ ದಪ್ಪಗಾಗಿಲ್ಲ ತಾನೆ?"

"ಮೂರು ವರ್ಷದಿಂದ ನೋಡಿಲ್ಲ, ನಂಗೇನು ಗೊತ್ತು? ಇಟ್ಟಿಗೆ ಹೊರೋನು, ದಪ್ಪಗಾಗಿರಲ್ಲ."

"ಗೋಲ್‌ಕೀಪರ್ ಇಲ್ದೇ ಇರೋ ತಂಡಕ್ಕೆ ಹೊಸಬನ್ನ ಸೇರಿಸೋಕೆ ಲೀಗಿನವ್ರು ಒಪ್ಪಿದಾರೆ. ಒಂದು ಕಾಗದ ಹಾಕ್ತೀಯಾ?"

ಹಾಕಿದ್ದೇನೆ. ತಂಡದ ಡಾಕ್ಟರಾಗಿ ಬರೆಯುತ್ತಿದ್ದೇನೆ, ಹೆಂಡತಿಯಾಗಿ ಅಲ್ಲ. ಬರುತ್ತೀಯಾ?

ವರ್ಸೆನಿಕ್

ಹಿಮ್ಮಡಿಗೆ ಬಿಸಿನೀರು ಕೆಲಸ ಮಾಡಿತು. ಸುರೆನ್ ನಿನಗೆ ನಮಸ್ಕಾರ ತಿಳಿಸಿದ್ದಾನೆ.


ಕ್ರಾಸ್ನೊದಾರ್
ಅಕ್ಟೋಬರ್ 1993

ವರ್ಸೆನಿಕ್,

ನನಗೆ ಮೂವತ್ತೆಂಟು. ಎಡ ಮಂಡಿ ಮಡಚಿದರೆ ಸದ್ದು ಬರುತ್ತದೆ. ಚಳಿಗಾಲಕ್ಕೆ ಮೊದಲು ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ. ವಿಮಾನ ಯಾವಾಗ ಹಾರುತ್ತದೆಂದು ಯಾರಿಗೂ ಗೊತ್ತಿಲ್ಲ. ಮಾತೆವೋಸ್‌ಗೆ ಹೇಳು, ಆಗುವುದಿಲ್ಲ.

ಇಷ್ಟು ಬರೆದು ಮಡಚಿಟ್ಟಿದ್ದೆ. ನಾಲ್ಕು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದೆ. ಕೊಂಡೊಯ್ಯುವವನು ನಾಳೆ ಹೊರಡುತ್ತಾನೆ. ಇದೇ ಹಾಳೆಯಲ್ಲಿ ಉಳಿದದ್ದನ್ನೂ ಬರೆಯುತ್ತೇನೆ.

ಮಂಡಿಯದು ಸುಳ್ಳಲ್ಲ, ಆದರೆ ಕಾರಣ ಅದಲ್ಲ. ನನ್ನ ತಮ್ಮ ಆಂದೋ ಸಿಕ್ಕಿದ್ದು ಗಿರಣಿಯೊಳಗೆ, ಮಗ್ಗದ ಪಕ್ಕ ಎಂದು ನಿನಗೆ ಹೇಳಿದ್ದೆ. ಅಲ್ಲ. ಭೂಕಂಪದ ಮರುದಿನ ಹೊರತೆಗೆದವರನ್ನೆಲ್ಲ ಮೈದಾನದಲ್ಲಿ ಸಾಲಾಗಿ ಮಲಗಿಸಿದ್ದರಲ್ಲ, ಅವನು ಅಲ್ಲಿದ್ದ. ಪಶ್ಚಿಮದ ಗೋಲಿನ ಎದುರು, ನಾನು ಹತ್ತು ವರ್ಷ ನಿಂತ ಗೆರೆಯ ಮೇಲೆ. ಒಬ್ಬೊಬ್ಬರ ಮುಖದ ಬಟ್ಟೆ ಸರಿಸುತ್ತ ಹೋದೆ. ಅವನ ಮುಖ ನೋಡುವ ಮೊದಲೇ ಕಾಲು ನೋಡಿ ಗೊತ್ತಾಯಿತು. ಎಡಗಾಲಿನಲ್ಲಿ ಆಡುವವನ ಬೂಟು ಎಡಗಡೆ ಮಾತ್ರ ಸವೆದಿರುತ್ತದೆ.

ಆಮೇಲೆ ಗಿರಣಿಯ ಬೀದಿಗೆ ಹೋಗುವುದೇ ನನಗೆ ಆಗಲಿಲ್ಲ. ನಿನಗೆ ಹೇಳಲೂ ಆಗಲಿಲ್ಲ. ಕ್ರಾಸ್ನೊದಾರಿಗೆ ಹೋಗೋಣ, ಅಲ್ಲಿ ಹಣ್ಣು ಚೆನ್ನಾಗಿ ಬೆಳೆಯುತ್ತದೆ ಎಂದು ಏನೇನೋ ಹೇಳಿದೆ. ನೀನು ಮೈದಾನ ಮತ್ತೆ ತೆರೆದ ಸುದ್ದಿ ಬರೆದಾಗ ಆ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ಉಳಿದ ಕಾಗದ ಓದಿದೆ.

ಅದರ ಮೇಲೆ ಹುಲ್ಲು ಬಿತ್ತಿ ಆಡುತ್ತಿದ್ದೀರಿ. ತಪ್ಪು ಎನ್ನುವುದಿಲ್ಲ. ನನ್ನಿಂದ ಆಗುವುದಿಲ್ಲ ಎನ್ನುತ್ತೇನೆ.

ಆರ್ಶಾವೀರ್

ಮತ್ತೆ: ನೂನೆಗೆ ಇದು ತಿಳಿಯುವುದು ಬೇಡ.


ಗ್ಯುಮ್ರಿ
ಅಕ್ಟೋಬರ್ 1993

ಆರ್ಶೋ,

ನನಗೆ ಗೊತ್ತಿತ್ತು.

ನೀನು ಅಲ್ಲಿ ಒಬ್ಬನೇ ಇದ್ದೆ ಎಂದುಕೊಂಡಿದ್ದೀಯಾ? ಆಸ್ಪತ್ರೆ ಕುಸಿದ ಮೇಲೆ ಉಳಿದ ನರ್ಸುಗಳನ್ನೆಲ್ಲ ಮೈದಾನಕ್ಕೇ ಕಳಿಸಿದ್ದರು. ನಾನು ಪೂರ್ವದ ಕಡೆ ಇದ್ದೆ, ಮುಖ ಒರೆಸುತ್ತಿದ್ದೆ, ಮನೆಯವರಿಗೆ ಗುರುತು ಸಿಗಲೆಂದು. ನೀನು ಆಂದೋನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದೆ. ಕರೆದೆ. ನಿನಗೆ ಕೇಳಿಸಲಿಲ್ಲ. ಆಮೇಲೆ ನೀನು ಬಂದು ಮಗ್ಗದ ಕಥೆ ಹೇಳಿದಾಗ, ಇರಲಿ, ಅವನಿಗೆ ಹೇಳುವ ಶಕ್ತಿ ಬರಲಿ ಎಂದು ಸುಮ್ಮನಾದೆ. ವಾರ ಕಾದೆ, ತಿಂಗಳು ಕಾದೆ. ನೀನು ಹಣ್ಣಿನ ಮಾತು ತೆಗೆದೆ. ನನಗೆ ಸಿಟ್ಟು ಬಂತು. ನನ್ನ ಮೈದುನನಿಗಾಗಿ ಅಳಲು ಗಂಡನ ಜೊತೆ ಕೂರಬೇಕೆಂದಿದ್ದೆ, ಅವನು ಪ್ಲಮ್ ಹಣ್ಣಿನ ಬಗ್ಗೆ ಮಾತಾಡುತ್ತಿದ್ದಾನೆ! ಅದಕ್ಕೇ ಬರುವುದಿಲ್ಲವೆಂದೆ. ಆಸ್ಪತ್ರೆ, ಕೆಲಸ ಎಂದದ್ದೆಲ್ಲ ನನ್ನ ಮಂಡಿನೋವು.

ಈ ವರ್ಷ ಊರಿನ ಮೊದಲ ಪಂದ್ಯದ ದಿನ ನಾನು ತಲೆ ಎತ್ತಲಿಲ್ಲ. ಬೆಂಚಿನಲ್ಲಿ ಕೂತು ನನ್ನ ಬೂಟನ್ನೇ ನೋಡುತ್ತಿದ್ದೆ. ಆಗ ಒಬ್ಬ ಹುಡುಗ ಪಶ್ಚಿಮದ ಗೋಲಿನ ಮುಂದೆ ಬಿದ್ದು ಕಿರುಚಿದ. ಮಾತೆವೋಸಣ್ಣ ನನ್ನ ಬೆನ್ನಿಗೆ ತಟ್ಟಿ, "ಓಡು ತಾಯಿ, ಓಡು!" ಎಂದ. ಚೀಲ ಹಿಡಿದು ಓಡಿದೆ. ಎಲ್ಲಿ ಓಡುತ್ತಿದ್ದೇನೆಂದು ಅರ್ಧ ದಾರಿಯಲ್ಲಿ ನೆನಪಾಯಿತು. ಆದರೆ ಅವನು ಇನ್ನೂ ಕಿರುಚುತ್ತಿದ್ದ, ನಿಲ್ಲಲು ಆಗಲಿಲ್ಲ. ಹೋಗಿ ಮಂಡಿಯೂರಿ ಕೂತೆ. ಮೀನಖಂಡ ಹಿಡಿದುಕೊಂಡಿತ್ತು, ಅಷ್ಟೇ. ತಿಕ್ಕಿದೆ. ಅವನು ಎದ್ದ. "ಥ್ಯಾಂಕ್ಸ್ ಅಕ್ಕಾ" ಎಂದು ಮತ್ತೆ ಓಡಿದ. ನಾನು ಅಲ್ಲೇ ಕೂತಿದ್ದೆ. ಎದ್ದು ಓಡಿದನಲ್ಲ ಎಂದು ನೋಡುತ್ತ ಕೂತಿದ್ದೆ. ರೆಫರಿ ಬಂದು "ಮೇಡಂ, ನೀವೂ ಆಡ್ತೀರಾ?" ಎಂದು ಕೇಳಿದ ಮೇಲೆ ಎದ್ದು ಬಂದೆ.

ಅದಾದ ಮೇಲೆ ಅಲ್ಲಿಗೆ ಎಷ್ಟೋ ಸಲ ಓಡಿದ್ದೇನೆ. ಪ್ರತಿ ಸಲವೂ ಆಂದೋ ನೆನಪಾಗುತ್ತಾನೆ. ಆದರೆ ಈಗ ಆಡುವ ಆಂದೋನೂ ನೆನಪಾಗುತ್ತಾನೆ.

ಬಾ ಎಂದು ಬಲವಂತ ಮಾಡುವುದಿಲ್ಲ. ನವೆಂಬರಿನ ಕೊನೆಯ ಪಂದ್ಯ ಇಲ್ಲೇ, ನಮ್ಮ ಮೈದಾನದಲ್ಲಿ. ಒಂದು ಅಂಕ ಬಂದರೆ ಉಳಿಯುತ್ತೇವೆ. ಡ್ರಾ ಆದರೂ ಸಾಕು. ನೀನು ಬಂದು ಗೋಲಿನಲ್ಲಿ ನಿಲ್ಲದಿದ್ದರೂ ಚಿಂತೆಯಿಲ್ಲ, ನನ್ನ ಪಕ್ಕ ಬೆಂಚಿನಲ್ಲಿ ಕೂರು.

ವರ್ಸೋ

ನೂನೆಗೆ ನಾನು ಹೇಳಬೇಕಾಗಿರಲಿಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಗೊತ್ತು, ಯಾರ ಮನೆಯವರು ಎಲ್ಲಿದ್ದರೆಂದು.


ಗ್ಯುಮ್ರಿ
ನವೆಂಬರ್ 1993

ನನ್ನ ವರ್ಸೋ,

ಯೆರೆವಾನಿನ ಆಸ್ಪತ್ರೆಯಲ್ಲಿ ಸುರೆನ್‌ನ ಮುರಿದ ಕಾಲಿನ ಪಕ್ಕ ಕೂತು, ಪಂದ್ಯ ಏನಾಯಿತೋ ಎಂದು ಉಗುರು ಕಚ್ಚುತ್ತಿರುತ್ತೀ. ಫೋನು ಸತ್ತಿದೆ. ನಾಳೆ ಬೆಳಿಗ್ಗೆ ನಮ್ಮ ಬಸ್ಸಿನ ಡ್ರೈವರ್ ಹಿಟ್ಟು ತರಲು ಅಲ್ಲಿಗೆ ಬರುತ್ತಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತೇನೆ. ಓದಬೇಡವೆಂದು ಹೇಳಿದ್ದೇನೆ. "ಓದೋದ್ಯಾಕೆ, ನಾನೂ ಅಲ್ಲೇ ಇದ್ದೆನಲ್ಲ" ಎಂದ.

ಮೊದಲು ಬೆಳಿಗ್ಗೆಯದನ್ನು ಹೇಳಬೇಕು, ಅದು ನಿನಗೂ ಗೊತ್ತಿಲ್ಲ. ಬಂದು ವಾರವಾದರೂ ನಾನು ಅಭ್ಯಾಸವನ್ನೆಲ್ಲ ಶಾಲೆಯ ಅಂಗಳದಲ್ಲೇ ಮಾಡಿದೆ, ಮೈದಾನಕ್ಕೆ ಕಾಲಿಡಲಿಲ್ಲ. ಇವತ್ತು ಬೆಳಿಗ್ಗೆ ನಾನು ಇಳಿದುಕೊಂಡಿರುವ ಮಾತೆವೋಸ್‌ನ ಮನೆಯ ಬಾಗಿಲಿಗೆ ನೂನೆ ಬಂದು, "ನಡಿ ಅಪ್ಪಾ" ಎಂದಳು. ದಾರಿಯುದ್ದಕ್ಕೂ ಬೂಟು ಸದ್ದು ಮಾಡುತ್ತಿತ್ತು. ಗೇಟಿನಲ್ಲಿ ನಾನು ನಿಂತೆ. ಅವಳು ನಿಲ್ಲಲಿಲ್ಲ. ನಾನು ಹಿಂದೆ ಹೋದೆ.

"ಚಿಕ್ಕಪ್ಪ ಎಲ್ಲಿದ್ದ?" ಎಂದು ಕೇಳಿದಳು. ತೋರಿಸಿದೆ. ಅವಳು ಅಲ್ಲಿ ಕೂತಳು. ಕಾಲು ಚಾಚಿ, ಲಂಗದ ಮೇಲೆ ಗಂಟು ಬಿಚ್ಚಿ ಲವಾಶ್ ರೊಟ್ಟಿ ತೆಗೆದಳು, ಒಳಗೆ ಚೀಸು, ಒಣಗಿದ ಸೊಪ್ಪು. ಅರ್ಧ ಮುರಿದು ನನ್ನ ಕಡೆ ಚಾಚಿದಳು. "ತಿನ್ನು. ಹೊಟ್ಟೆ ಖಾಲಿ ಇದ್ರೆ ಹಾರೋಕಾಗಲ್ಲ ಅಂತ ಅಮ್ಮ ಹೇಳಿದಾಳೆ." ನಾನೂ ಪಕ್ಕದಲ್ಲಿ ಕೂತೆ. ನೆಲ ತಣ್ಣಗಿತ್ತು. ಆಂದೋ ಹೇಗೆ ಆಡುತ್ತಿದ್ದ ಎಂದು ಕೇಳಿದಳು. ಹೇಳಲು ಶುರುಮಾಡಿದೆ, ಮುಗಿಸಲು ಆಗಲಿಲ್ಲ, ಅಷ್ಟೊಂದು ಇತ್ತು. ಅತ್ತೆ. ಅವಳು ತಿನ್ನುವುದನ್ನು ನಿಲ್ಲಿಸಲಿಲ್ಲ, ನನ್ನ ಬೆನ್ನಿನ ಮೇಲೆ ಕೈ ಇಟ್ಟುಕೊಂಡೇ ತಿಂದಳು.

ಇನ್ನು ಪಂದ್ಯ. ಎದುರಾಳಿಗಳ ಬಸ್ಸು ದಾರಿಯಲ್ಲಿ ಕೆಟ್ಟು ಎರಡು ಗಂಟೆ ತಡವಾಗಿ ಶುರುವಾದದ್ದು, ಚೆಂಡು ನನ್ನ ಕೈಯಿಂದ ಸಾಬೂನಿನ ಹಾಗೆ ಜಾರಿ ಒಳಗೆ ಹೋದದ್ದು, ಅದನ್ನೆಲ್ಲ ನೀನೇ ನೋಡಿದೆ. ಜನ "ಇಟ್ಟಿಗೆ ಆರ್ಶೋ, ಗೋಡೆ ಕಟ್ಟು ಅಂದ್ರೆ ಬಾಗ್ಲು ಇಟ್ಯಲ್ಲೋ!" ಎಂದದ್ದೂ ಕೇಳಿಸಿಕೊಂಡಿರುತ್ತೀ. ಆಮೇಲೆ ಸುರೆನ್ ಬಿದ್ದ, ನೀನು ಆಂಬುಲೆನ್ಸ್ ಹತ್ತಿದೆ. ಬೆಂಚಿನಲ್ಲಿ ಖಾಲಿಯಾದ ನಿನ್ನ ಜಾಗವನ್ನೇ ನೋಡುತ್ತಿದ್ದೆ. ಅಷ್ಟರಲ್ಲೇ ಎರಡನೆಯದೂ ತಿಂದೆ. ಅದು ನನ್ನ ತಪ್ಪಲ್ಲ, ಯಾರಿಂದಲೂ ಹಿಡಿಯಲು ಆಗುತ್ತಿರಲಿಲ್ಲ. ತೋರ್ಗೊಮ್ ಮಾತ್ರ ಒಪ್ಪುವುದಿಲ್ಲ. ಕುತ್ತಿಗೆಗೆ ಕೈ ಕಟ್ಟಿಕೊಂಡು ನನ್ನ ಗೋಲಿನ ಹಿಂದೆ ನಿಂತು ಇಡೀ ಪಂದ್ಯ ನನಗೇ ಪಾಠ ಹೇಳಿದ. "ಎಡಕ್ಕೆ ಮಾಮಾ, ಎಡಕ್ಕೆ! ಅಯ್ಯೋ, ಅದು ಬಲ!"

ಸುರೆನ್‌ಗೆ ಹೇಳು: ಅವನನ್ನು ಹೊತ್ತುಕೊಂಡು ಹೋದ ಮೇಲೆ ಹುಡುಗರು ಬೇರೆಯೇ ಆದರು. ಮೊದಲ ಗೋಲು ಕಾರ್ನರಿನಿಂದ ಬಂತು, ಯಾರ ತಲೆಗೆ ತಗುಲಿತೆಂದು ಇನ್ನೂ ಜಗಳ ನಡೆಯುತ್ತಿದೆ, ಮೂವರು ತಮ್ಮದು ಎನ್ನುತ್ತಿದ್ದಾರೆ. ಎರಡನೆಯದಕ್ಕೆ ನಮ್ಮ ಎಡಗಡೆಯ ಹುಡುಗ ಗೆರೆಯ ಪಕ್ಕವೇ ಇಬ್ಬರನ್ನು ದಾಟಿ ಓಡಿ ಹೊಡೆದ. ಎರಡು ಎರಡು. ಮಾತೆವೋಸ್ ಟೋಪಿಯನ್ನು ಎಷ್ಟು ಮೇಲಕ್ಕೆ ಎಸೆದನೆಂದರೆ ಗಿರಣಿಯ ಗೋಡೆಯಾಚೆ ಬಿತ್ತು.

ಅಷ್ಟು ಹೊತ್ತಿಗೆ ಬೆಳಕು ಹೋಗುತ್ತಿತ್ತು. ರೆಫರಿ ಆಕಾಶ ನೋಡುತ್ತಾನೆ, ಗಡಿಯಾರ ನೋಡುತ್ತಾನೆ, ಊದುವುದಿಲ್ಲ. ಅವರಿಗೆ ಗೆಲುವು ಬೇಕಿತ್ತು, ಎಲ್ಲರೂ ನನ್ನ ಗೋಲಿನ ಮುಂದೆಯೇ. ನಾನು ಪಶ್ಚಿಮದ ಕಡೆ ಇದ್ದೆ, ಅದೇ ಗೆರೆಯ ಮೇಲೆ. ಭಯವಾಯಿತು ವರ್ಸೋ, ಆದರೆ ಹಳೆಯ ಭಯ ಅಲ್ಲ, ಗೋಲು ತಿನ್ನುತ್ತೇನೇನೋ ಎಂಬ ಭಯ. ಎಷ್ಟು ವರ್ಷವಾಗಿತ್ತು ಅಂಥ ಒಳ್ಳೆಯ ಭಯ ಆಗಿ!

ಯಾರೋ ಒದ್ದ ಸದ್ದು ಕೇಳಿಸಿತು. ಚೆಂಡು ಕಾಣಿಸಲಿಲ್ಲ. ಯಾವ ಕಡೆ ಹಾರುವುದೆಂದು ತಿಳಿಯದೆ ಸುಮ್ಮನೆ ಒಂದು ಹೆಜ್ಜೆ ಮುಂದೆ ಬಂದೆ. ನೇರ ಮುಖಕ್ಕೆ ಬಡಿಯಿತು. ಕಣ್ಣು ಬಿಟ್ಟಾಗ ಅಂಗಾತ ಬಿದ್ದಿದ್ದೆ, ಚೆಂಡು ಗೋಲಿನ ಮೇಲಿನಿಂದ ಆಚೆ ಹೋಗಿತ್ತು, ರೆಫರಿ ಸೀಟಿ ಊದುತ್ತಿದ್ದ. ಮುಗಿಯಿತು. ನಾವು ಮೊದಲ ದರ್ಜೆಯಲ್ಲೇ ಉಳಿದೆವು.

ಜನ ಒಳಗೆ ನುಗ್ಗಿದರು. ಒಬ್ಬ ಮುದುಕ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ನೋಡಿ ಎಲ್ಲರಿಗೂ ಕೇಳುವಂತೆ ಕೂಗಿದ: "ದೇವ್ರು ನಮ್ಮ ಅರ್ಮೇನಿಯದವ್ರಿಗೆ ಇಷ್ಟುದ್ದ ಮೂಗು ಯಾಕೆ ಕೊಟ್ಟ ಅಂತ ಇವತ್ತು ಗೊತ್ತಾಯ್ತು ಕಣ್ರೋ!" ಎಲ್ಲರೂ ನಕ್ಕರು. ನಾನೂ ನಗಲು ಹೋದೆ, ನೋವಾಯಿತು. ಮೂಗು ಮುರಿದಿದೆ ಎಂದು ತೋರ್ಗೊಮ್ ಹೇಳುತ್ತಾನೆ. ತಂಡಕ್ಕೆ ಡಾಕ್ಟರಿಲ್ಲ, ಯಾರನ್ನು ಕೇಳಲಿ? ನೂನೆ ಹಿಮದ ಗಡ್ಡೆಯನ್ನು ಬಟ್ಟೆಯಲ್ಲಿ ಕಟ್ಟಿ ಕೊಟ್ಟಿದ್ದಾಳೆ. ಅದನ್ನು ಒಂದು ಕೈಯಲ್ಲಿ ಒತ್ತಿಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗಿರುವುದು ಅದಕ್ಕೇ.

ಸುರೆನ್‌ನ ಕಾಲು ಸರಿಯಾಗಿ ಕೂಡುತ್ತದೆಂದು ಅಲ್ಲಿಯವರು ಹೇಳಿದ ಮೇಲೆಯೇ ನೀನು ಹೊರಡು. ಅವನ ಮನೆಯಲ್ಲಿ ಸೌದೆ ಇದೆಯೋ ಎಂದು ನಾನು ನೋಡಿ ಬಂದಿದ್ದೇನೆ. ನೀನು ಬರುವ ದಿನ ಬಸ್ ನಿಲ್ದಾಣಕ್ಕೆ ನಾವಿಬ್ಬರೂ ಬರುತ್ತೇವೆ. ದಾರಿಯಲ್ಲಿ ಬಸ್ಸು ನಿಂತರೆ ನಡೆದು ಬರಬೇಡ, ಅಲ್ಲೇ ಇರು, ನಾನೇ ಬಂದು ತಳ್ಳುತ್ತೇನೆ.

ಮುರಿದ ಮೂಗಿನ ನಿನ್ನ
ಆರ್ಶೋ

ಮತ್ತೆ: ಹದಿನೈದು ದಿನದ ರಜೆ ಹಾಕಿ ಬಂದಿದ್ದೇನೆಂದು ನಿನಗೆ ಹೇಳಿದ್ದೆನಲ್ಲ, ರಜೆ ಹಾಕಿಲ್ಲ. ನಿನ್ನ ಕಾಗದ ಓದಿದ ದಿನವೇ ಕಾರ್ಖಾನೆ ಬಿಟ್ಟೆ, ನೀಲಿ ಕಿಟಕಿಯ ಕೋಣೆಗಳನ್ನು ಅಣ್ಣನಿಗೆ ಒಪ್ಪಿಸಿದೆ. ಪಂದ್ಯ ಸೋತು ತಂಡ ಮುಚ್ಚಿದರೂ ಹಿಂದೆ ಹೋಗುವವನಾಗಿರಲಿಲ್ಲ. ಹೇಳಲು ಧೈರ್ಯ ಸಾಲಲಿಲ್ಲ, ಅದಕ್ಕೇ ಮಾತೆವೋಸ್‌ನ ಮನೆಯಲ್ಲಿ ಮಲಗಿದೆ. ಈಗ ನನ್ನ ಪೆಟ್ಟಿಗೆಯನ್ನು ನೂನೆ ಎಳೆದುಕೊಂಡು ಮನೆಗೆ ಹೋಗಿಬಿಟ್ಟಿದ್ದಾಳೆ. ನಿನ್ನನ್ನು ಕೇಳದೆ.